ಸೂಜಿ ಐನೂರು ಮುಟ್ಟುವ ತನಕ

ಕ್ರಾಸ್‌ಬಿ ಹಿಲ್, ವರ್ಮಾಂಟ್
ಅಕ್ಟೋಬರ್ 4, 1998

ಆರ್ಡಿಸ್ ಅವರಿಗೆ,

ನೀವು ನನ್ನನ್ನು ನೋಡಿಲ್ಲ. ನಾನು ಮರ್ಲೀನ್, ಎಲ್ಡನ್‌ನ ಈಗಿನ ಹೆಂಡತಿ. ನಿಮಗೆ ಹೀಗೆ ಬರೆಯುವುದು ನನಗೂ ಮುಜುಗರವೇ. ಮೂರು ಹಾಳೆ ಹರಿದು ಹಾಕಿ ಇದು ನಾಲ್ಕನೆಯದು.

ವಿಷಯ ಇಷ್ಟು. ನೆಲಮಾಳಿಗೆಯ ಎಣ್ಣೆ ಬಾಯ್ಲರ್ ಕೆಟ್ಟಿದೆ. ರಿಪೇರಿಯವನು ಬಂದು ನೋಡಿ, ಇದನ್ನು ಇನ್ನು ಹಚ್ಚಲೇಬೇಡಿ ಎಂದು ಕೆಂಪು ಚೀಟಿ ಅಂಟಿಸಿ ಹೋದ. ಹೊಸದು ಬರುವುದು ಏಪ್ರಿಲ್‌ಗೆ. ಆಗಸ್ಟ್‌ನಲ್ಲಿ ಎಲ್ಡನ್‌ಗೆ ಸೊಂಟದ ಕೀಲು ಬದಲಿಸಿದರು. ಬಗ್ಗುವಂತಿಲ್ಲ, ಮೆಟ್ಟಿಲು ಹತ್ತುವಂತಿಲ್ಲ, ಕೆಳಗಿನ ಕೋಣೆಯ ಕುರ್ಚಿಯೇ ಗತಿ. ಚಳಿಗೆ ಉಳಿದಿರುವುದು ನಿಮ್ಮ ಒಲೆಯೊಂದೇ. ನಾನು ಬಂದ ಮೂರು ವರ್ಷದಿಂದ ಅದರ ಮೇಲೆ ಜೆರೇನಿಯಂ ಕುಂಡ ಇಟ್ಟಿದ್ದೆ, ಬೈದುಕೊಳ್ಳಬೇಡಿ.

ಮೊನ್ನೆ ಎಲ್ಡನ್‌ನನ್ನು ಕೇಳಿದೆ, "ಇದನ್ನ ಹಚ್ಚೋದು ಹೇಗೆ ಮಾರಾಯ?"

"ನಂಗೇನು ಗೊತ್ತು? ಸೌದೆ ಕಡಿಯೋದು ನಂದು, ಉರಿಸೋದು ಆರ್ಡಿಸ್‌ದು. ಅವಳನ್ನೇ ಕೇಳು."

"ನಿನ್ನ ಮೊದಲನೇ ಹೆಂಡ್ತಿಗೆ ಕಾಗದ ಬರಿ ಅಂತೀಯಾ?"

"ಚಳಿ ಆಗೋದು ನಿಂಗೆ ತಾನೆ?" ಅಂದ. ಅಷ್ಟೇ ಅವನ ಮಾತು. ನಿಮಗೆ ಗೊತ್ತಿರುವುದೇ.

ನಾನು ಕಾರ್ಪಸ್ ಕ್ರಿಸ್ಟಿಯವಳು. ಅಲ್ಲಿ ನಮಗೆ ಚಳಿಗಾಲವೆಂದರೆ ಒಂದು ಸ್ವೆಟರ್. ಒಲೆಯ ಬಲಗಡೆ ಒಂದು ಹಿಡಿಯಿದೆ, ಮುಂದೆ ಗಾಳಿಗೆಂದು ಒಂದು ಚಿಕ್ಕ ಕಿಂಡಿಯಿದೆ, ಮೇಲೆ ಗಡಿಯಾರದಂಥದ್ದೊಂದು ಒಂದೇ ಸೂಜಿ ಇಟ್ಟುಕೊಂಡು ಕೂತಿದೆ. ಯಾವುದು ಯಾವುದಕ್ಕೆಂದು ತಿಳಿಯದು. ಒಲೆಯ ಜೊತೆ ಬಂದ ಪುಸ್ತಕ ಎಲ್ಲಿ ಹುಡುಕಿದರೂ ಸಿಗಲಿಲ್ಲ, ಮಾರಿದ ಅಂಗಡಿಯೂ ಮುಚ್ಚಿಹೋಗಿದೆ. ಸೌದೆಗೆ ಮಾತ್ರ ಬರವಿಲ್ಲ. ಒಲೆ ಹಚ್ಚದೆ ಇದ್ದ ವರ್ಷಗಳಲ್ಲೂ ಅವನು ಕಡಿಯುವುದನ್ನು ಬಿಟ್ಟಿಲ್ಲ, ಕೊಟ್ಟಿಗೆಯಲ್ಲಿ ಸೂರಿನವರೆಗೆ ಜೋಡಿಸಿದ್ದಾನೆ.

ದಯವಿಟ್ಟು ಹೇಳಿಕೊಡಿ.

ನಿಮ್ಮ,
ಮರ್ಲೀನ್ ಕೋಬರ್ನ್


ಸೇಂಟ್ ಜಾನ್ಸ್‌ಬರಿ
ಅಕ್ಟೋಬರ್ 11, 1998

ಶ್ರೀಮತಿ ಕೋಬರ್ನ್ ಅವರಿಗೆ,

ಲಕೋಟೆಯ ಮೇಲೆ ಈ ಹೆಸರು ಬರೆಯುವಾಗ ಕೈ ತಾನಾಗಿಯೇ ಮುಂದೆ ಆರ್ಡಿಸ್ ಎಂದು ಸೇರಿಸಿತು. ಹದಿನೇಳು ವರ್ಷದ ಅಭ್ಯಾಸ. ಆ ಲಕೋಟೆಯನ್ನು ಹರಿದು ಇನ್ನೊಂದು ತೆಗೆದುಕೊಂಡಿದ್ದೇನೆ.

ಮೊದಲು ಆ ಜೆರೇನಿಯಂ ತೆಗೆಯಿರಿ.

ಇದು ನಮ್ಮಜ್ಜಿಯ ಕಾಲದ ಒಲೆಯಲ್ಲ, ಸಿಕ್ಕಿದ್ದನ್ನೆಲ್ಲ ತುರುಕಿ ಉರಿಸುವುದಕ್ಕೆ. ಒಳಗೆ ಮೇಲ್ಗಡೆ ತೂತುತೂತಾದ ಒಂದು ಬಿಲ್ಲೆಯಿದೆ. ಕ್ಯಾಟಲಿಸ್ಟ್ ಎನ್ನುತ್ತಾರೆ, ನಾನು ಜೇನುಗೂಡು ಎನ್ನುತ್ತಿದ್ದೆ. ಹೊಗೆ ಅದರ ತೂತುಗಳಲ್ಲಿ ಹಾದು ಹೋಗುವಾಗ ಎರಡನೇ ಸಲ ಉರಿಯುತ್ತದೆ. ಬೇರೆಯವರ ಚಿಮಣಿಯಿಂದ ಹೊರಗೆ ಹೋಗುವ ಶಾಖ ನಿಮ್ಮ ಕೋಣೆಯಲ್ಲಿ ಉಳಿಯುತ್ತದೆ. ಬಲಗಡೆಯ ಹಿಡಿಯನ್ನು ಮೇಲೆತ್ತಿದರೆ ಹೊಗೆ ನೇರವಾಗಿ ಚಿಮಣಿಗೆ ಹೋಗುತ್ತದೆ, ಕೆಳಗೆ ಒತ್ತಿದರೆ ಜೇನುಗೂಡಿನ ಮೂಲಕ ಹೋಗುತ್ತದೆ.

ಹಚ್ಚುವಾಗ ಹಿಡಿ ಮೇಲಿರಲಿ, ಗಾಳಿಯ ಕಿಂಡಿ ಪೂರ್ತಿ ತೆರೆದಿರಲಿ. ಬರ್ಚ್ ತೊಗಟೆ, ಅದರ ಮೇಲೆ ಬೆರಳಿನ ದಪ್ಪದ ಸೀಡರ್ ಕಡ್ಡಿ, ಆಮೇಲೆ ಮೇಪಲ್ ಇಲ್ಲವೆ ಆ್ಯಶ್ ಮರದ ಸೀಳುಗಳು. ಬೆಂಕಿ ಹತ್ತಿಕೊಂಡ ಮೇಲೆ ಹಿಡಿಯನ್ನು ಕೆಳಗೆ ಒತ್ತಿ, ಗಾಳಿಯನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸಿ.

ಸೌದೆ ಸೇರಿಸಬೇಕಾದಾಗ ಧಡಕ್ಕನೆ ಬಾಗಿಲು ತೆರೆಯಬೇಡಿ, ಹುಬ್ಬು ಸುಟ್ಟುಕೊಳ್ಳುತ್ತೀರಿ. ಮೊದಲು ಗಾಳಿ ಬಿಡಿ, ಹಿಡಿ ಎತ್ತಿ, ನೂರು ಎಣಿಸಿ, ಬಾಗಿಲನ್ನು ಒಂದು ಬೆರಳಷ್ಟು ತೆರೆದು ಒಂದು ಕ್ಷಣ ನಿಂತು, ಆಮೇಲೆ ಪೂರ್ತಿ ತೆರೆಯಿರಿ. ಬಣ್ಣದ ಕಾಗದ, ಬಣ್ಣ ಬಳಿದ ಹಲಗೆ, ಮಿಠಾಯಿ ಸುತ್ತಿದ ತಗಡು ಯಾವುದನ್ನೂ ಒಳಗೆ ಹಾಕಬಾರದು, ಜೇನುಗೂಡು ಸತ್ತುಹೋಗುತ್ತದೆ. ಬೂದಿಯನ್ನು ಪೂರ್ತಿ ಬಳಿಯದೆ ತಳದಲ್ಲಿ ಒಂದಿಂಚು ಬಿಡಿ. ತೆಗೆದದ್ದನ್ನು ಮುಚ್ಚಳವಿರುವ ಕಬ್ಬಿಣದ ಬಕೆಟ್ಟಿನಲ್ಲಿ ಮನೆಯಿಂದ ದೂರ ಕಲ್ಲಿನ ಮೇಲೆ ಇಡಿ, ಜಗುಲಿಯ ಮರದ ಮೇಲಲ್ಲ. ಬೂದಿಯೊಳಗೆ ಕೆಂಡ ನಾಲ್ಕು ದಿನ ಬದುಕಿರುತ್ತದೆ.

ಇಷ್ಟು ಮಾಡಿದರೆ ಸಾಕು.

ಇಂತಿ,
ಆರ್ಡಿಸ್ ಫಿಸ್ಕ್


ಸೇಂಟ್ ಜಾನ್ಸ್‌ಬರಿ
ಅಕ್ಟೋಬರ್ 11, ಸಂಜೆ

ಲಿಯೋಟಾ ಅಕ್ಕಾ,

ಇವತ್ತು ನನಗೆ ಎಷ್ಟು ಖುಷಿಯಾಗಿದೆ ಗೊತ್ತೇ? ಎಲ್ಡನ್‌ನ ಹೊಸ ಹೆಂಡತಿ ನನಗೆ ಕಾಗದ ಬರೆದಿದ್ದಾಳೆ. ಒಲೆ ಹಚ್ಚುವುದು ಹೇಗೆಂದು ಕೇಳಿದ್ದಾಳೆ! "ಆರ್ಡಿಸ್‌ನ ಕೇಳು" ಅಂದನಂತೆ ಅವನು. ಆರು ವರ್ಷದ ಮೇಲೆ ಆ ಮನೆಯಲ್ಲಿ ನನ್ನ ಹೆಸರು ಬಂದಿದೆ. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಎಲ್ಲ ಬರೆದೆ ಅಕ್ಕಾ, ಒಂದನ್ನು ಬಿಟ್ಟು. ಒಲೆಯ ಮೇಲೆ ಶಾಖ ತೋರಿಸುವ ಸೂಜಿಯಿದೆ. ಅದು ಐನೂರರ ಗೆರೆ ದಾಟುವ ತನಕ ಹಿಡಿಯನ್ನು ಕೆಳಗೆ ಒತ್ತಬಾರದು. ದಾಟಿದ ಮೇಲಷ್ಟೇ ಜೇನುಗೂಡು ಹತ್ತಿಕೊಳ್ಳುವುದು. ಮೊದಲೇ ಒತ್ತಿದರೆ ಹೊಗೆ ಉರಿಯದೆ ಕೊಳೆಯುತ್ತದೆ, ಒಲೆಯ ಬಾಗಿಲಿನ ಗಾಜು ಕಪ್ಪಾಗುತ್ತದೆ, ಮನೆಯೆಲ್ಲ ಹೊಗೆ ಹಾಕಿದ ಹಂದಿಮಾಂಸದ ವಾಸನೆ. ಅವಳು ಸೂಜಿಯ ಬಗ್ಗೆ ಕೇಳಿದ್ದಳು. ನಾನು ಆ ಪ್ರಶ್ನೆ ಕಾಣದವಳ ಹಾಗೆ ಮುಂದೆ ಹೋದೆ. ಪುಸ್ತಕವೂ ನನ್ನ ಅಡುಗೆಮನೆಯ ಡ್ರಾಯರಿನಲ್ಲೇ ಇದೆ, ಬರುವಾಗ ನಾನೇ ತಂದಿದ್ದೆ.

ಕೆಟ್ಟವಳು ಅನ್ನು, ಪರವಾಗಿಲ್ಲ. ಇದು ಸವತಿ ಮತ್ಸರ ಅನ್ನು, ಅದಕ್ಕೂ ಇಲ್ಲವೆನ್ನುವುದಿಲ್ಲ. ಒಂದಷ್ಟು ದಿನ ಅವಳು ಕೆಮ್ಮಲಿ. ಆ ಕುರ್ಚಿಯಲ್ಲಿ ಕೂತವನ ಬಾಯಿಂದ ಒಂದು ಮಾತು ಹೊರಡಲಿ, "ಆರ್ಡಿಸ್ ಇದ್ದಾಗ ಹೀಗಿರ್ಲಿಲ್ಲ" ಅಂತ. ಹತ್ತು ಚಳಿಗಾಲ ಆ ಒಲೆಯನ್ನು ಆರಗೊಡದೆ ನೋಡಿಕೊಂಡೆ. ಚೆನ್ನಾಗಿದೆ ಎಂದು ಒಂದು ದಿನ ಅಂದವನಲ್ಲ. ನಾನು ಪೆಟ್ಟಿಗೆ ಹಿಡಿದು ಹೊರಟಾಗ ಬಾಗಿಲು ತೆರೆದು ಹಿಡಿದುಕೊಂಡು "ದಾರಿ ಜಾರತ್ತೆ, ನಿಧಾನ" ಅಂದ. ಒಂದು ವಾರದಲ್ಲಿ ಕರೆಯಲು ಬರುತ್ತಾನೆಂದು ನಾನು ಪೆಟ್ಟಿಗೆ ಬಿಚ್ಚದೆ ಕಾದಿದ್ದೆ. ನಿನಗೆ ಗೊತ್ತಲ್ಲ.

ಇಲ್ಲಿ ನನ್ನ ಬಾಡಿಗೆ ಮನೆಗೆ ಶಾಖ ಗೋಡೆಯ ಕೊಳವೆಯಿಂದ ಬರುತ್ತದೆ. ನಾನು ಮಾಡಬೇಕಾದ್ದು ಏನೂ ಇಲ್ಲ. ಎಲ್ಲವನ್ನೂ ಹೇಳಿಕೊಟ್ಟುಬಿಟ್ಟರೆ ಆ ಮನೆಗೂ ನಾನು ಬೇಡವಾಗುತ್ತೇನೆ.

ನಿನ್ನ ತಂಗಿ,
ಆರ್ಡಿಸ್


ಕ್ರಾಸ್‌ಬಿ ಹಿಲ್
ನವೆಂಬರ್ 8, 1998

ಆರ್ಡಿಸ್ ಅವರಿಗೆ,

ನಿಮ್ಮ ಕಾಗದವನ್ನು ಒಲೆಯ ಹಿಂದಿನ ಗೋಡೆಗೆ ಅಂಟಿಸಿಕೊಂಡು ಒಂದೊಂದೇ ಸಾಲು ಓದಿ ಹಚ್ಚುತ್ತೇನೆ. ಹುಬ್ಬು ಇನ್ನೂ ಇದೆ. ಉಪಕಾರ ಮರೆಯುವುದಿಲ್ಲ.

ಆದರೆ ಎಲ್ಲೋ ತಪ್ಪುತ್ತಿದ್ದೇನೆ. ಬೆಂಕಿ ಹತ್ತುತ್ತದೆ. ಹಿಡಿ ಒತ್ತಿದ ಕೂಡಲೇ ಮಂಕಾಗುತ್ತದೆ. ಗಾಜು ಒಂದೇ ದಿನಕ್ಕೆ ಕಪ್ಪು. ಉಜ್ಜಿ ಉಜ್ಜಿ ನನ್ನ ಉಗುರು ಗ್ಯಾರೇಜಿನವನ ಉಗುರಾಗಿದೆ. ಹೊರಗೆ ನಿಂತು ನೋಡಿದರೆ ಚಿಮಣಿಯಿಂದ ದಿನವಿಡೀ ಬಿಳಿ ಹೊಗೆ. ಭಾನುವಾರ ಚರ್ಚಿನ ಊಟದಲ್ಲಿ ಪಕ್ಕದವಳು ಮೂಗು ಮುಚ್ಚಿಕೊಂಡು ಬೆಂಚಿನಲ್ಲಿ ಆಚೆ ಸರಿದಳು, ಆಣೆಗೂ.

ಎಲ್ಡನ್ ನಿಮ್ಮ ಕಾಗದವನ್ನು ತಾನೇ ಓದಿದ. ಎರಡು ಸಲ. ನನ್ನ ತಂಗಿಯ ಕಾಗದವನ್ನು ಒಂದು ಸಲವೂ ಓದಿದವನಲ್ಲ. ನಿನ್ನೆ ನಾನು ಕೆಮ್ಮುತ್ತ ಕಿಟಕಿ ತೆರೆದಾಗ ಅಂದ, "ಆರ್ಡಿಸ್ ಇದ್ದಾಗ ಗಾಜಲ್ಲಿ ಮುಖ ಕಾಣ್ತಿತ್ತು."

"ಹಾಗಾದ್ರೆ ಅವಳನ್ನೇ ಕರ್ಕೊಂಬಾ, ಮುಖ ನೋಡ್ಕೊ" ಅಂದೆ. ಮನಸ್ಸಿಗೆ ಚುಚ್ಚಿತು. ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಮಾಡಲಿ? ಈ ಒಲೆ ಸರಿಯಾಗುವ ತನಕ ಈ ಮನೆಯಲ್ಲಿ ನಾನು ನೆಂಟಳೇ.

ಆ ಸೂಜಿಯ ಬಗ್ಗೆ ನೀವು ಬರೆಯಲಿಲ್ಲ. ಅದನ್ನು ನೋಡಬೇಕೇ?

ಮರ್ಲೀನ್


ಸೇಂಟ್ ಜಾನ್ಸ್‌ಬರಿ
ನವೆಂಬರ್ 15, 1998

ಮರ್ಲೀನ್ ಅವರಿಗೆ,

ಸೌದೆ ಹಸಿಯಿರಬೇಕು. ಎರಡು ತುಂಡನ್ನು ಒಂದಕ್ಕೊಂದು ಬಡಿದು ನೋಡಿ. ಟಣ್ ಎಂದರೆ ಒಣಗಿದ್ದು, ಧಪ್ ಎಂದರೆ ಹಸಿ. ಬುಡದಲ್ಲಿ ಬಿರುಕು ಬಿಟ್ಟಿರುವುದನ್ನೇ ಆರಿಸಿ.

ಸೂಜಿ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಹಳೆಯದು, ಅದರ ಮೇಲೆ ಭರವಸೆ ಇಡಬೇಡಿ. ಕೈಗೆ ರೂಢಿಯಾಗಬೇಕು, ಅಷ್ಟೇ. ನನಗೂ ಒಂದು ಚಳಿಗಾಲ ಹಿಡಿಯಿತು.

ಎಲ್ಡನ್ ಕಾಗದ ಓದಿ ಬೇರೇನಾದರೂ ಅಂದನೇ? ಸುಮ್ಮನೆ ಕೇಳಿದೆ.

ಆರ್ಡಿಸ್


ರಾಕ್‌ಲ್ಯಾಂಡ್, ಮೇನ್
ನವೆಂಬರ್ 29, 1998

ಆರ್ಡಿಸ್,

ನಿನ್ನ ಎರಡನೇ ಕಾಗದವೂ ಬಂತು. ಎಲ್ಡನ್ "ಗಾಜಲ್ಲಿ ಮುಖ ಕಾಣ್ತಿತ್ತು" ಅಂದ ಎಂದು ನಾಲ್ಕು ಕಡೆ ಬರೆದಿದ್ದೀಯ. ಬೇಕಾಗಿದ್ದ ಮಾತು ಸಿಕ್ಕಿತಲ್ಲ, ಇನ್ನು ಸಾಕು ಮಾಡು. ಕೇಳಿದ್ದನ್ನು ಹೇಳದೆ ಬಿಡುವುದು ಒಂದು. ಕೇಳಿದಾಗ ಸುಳ್ಳು ಹೇಳುವುದು ಬೇರೆಯೇ. ಅವನು ಆರು ವರ್ಷ ಸೂರಿನಡಿ ಒಣಗಿಸಿದ ಸೌದೆಯನ್ನು ಹಸಿ ಅನ್ನುತ್ತೀಯಲ್ಲೇ, ನಾಚಿಕೆಯಾಗುವುದಿಲ್ಲವೇ?

ಉರಿಯದ ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ನನಗೆ ನೀನು ಹೇಳಬೇಕಾಗಿಲ್ಲ. ಚಿಮಣಿಯ ಒಳಗೋಡೆಗೆ ಡಾಂಬರಾಗಿ ಮೆತ್ತುತ್ತದೆ. ಅದಕ್ಕೆ ಒಂದು ಕಿಡಿ ಸಾಕು. ಬಗ್ಗಲಾರದ ಗಂಡಸು ಆ ಕೋಣೆಯಲ್ಲೇ ಮಲಗುತ್ತಾನೆ ಎಂದು ನೀನೇ ಬರೆದಿದ್ದೀಯ.

ಇವತ್ತೇ ಅವಳಿಗೆ ಫೋನ್ ಮಾಡು. ಬೈಯಬೇಕೆಂದು ಬೈಯುತ್ತಿಲ್ಲ.

ಲಿಯೋಟಾ


ಕ್ರಾಸ್‌ಬಿ ಹಿಲ್
ಡಿಸೆಂಬರ್ 17, 1998

ಆರ್ಡಿಸ್ ಅವರಿಗೆ,

ನಮ್ಮೂರಿನ ಪೆಕಾನ್ ಬೀಜದ ಡಬ್ಬಿಯೊಂದನ್ನು ಬೇರೆಯಾಗಿ ಕಳಿಸಿದ್ದೇನೆ. ಕ್ರಿಸ್ಮಸ್‌ಗೆ. ನೀವು ಒಬ್ಬರೇ ಇರುತ್ತೀರೆಂದು ಎಲ್ಡನ್ ಹೇಳಿದ.

ಸೌದೆ ಬಡಿದು ನೋಡಿದೆ. ಎಲ್ಲವೂ ಟಣ್ ಅನ್ನುತ್ತವೆ. ಹೊರಗೆ ಸೊನ್ನೆಗಿಂತ ಇಪ್ಪತ್ತು ಕೆಳಗಿದೆ, ಹಾಗಾಗಿ ಒಲೆಯನ್ನು ಆರಿಸುವ ಮಾತೇ ಇಲ್ಲ. ಈಗ ಹೊಸದೊಂದು ಶುರುವಾಗಿದೆ. ಒಲೆಯಿಂದ ಚಿಮಣಿಗೆ ಹೋಗುವ ಕೊಳವೆಯ ಕೀಲಿನಿಂದ ಕಪ್ಪನೆಯ ಪಾಕದಂಥದ್ದು ತೊಟ್ಟಿಕ್ಕಿ ಒಲೆಯ ಮೇಲೆ ಗಟ್ಟಿಯಾಗುತ್ತದೆ, ಬೂಟ್ ಪಾಲಿಶ್ ಹಾಕಿದ ಹಾಗೆ ಹೊಳೆಯುತ್ತದೆ. ಒಂದೊಂದು ಸಲ ಚಿಮಣಿಯ ಒಳಗೆ ಏನೋ ಚೂರುಚೂರಾಗಿ ಉದುರುವ ಸದ್ದು. ಇದು ಸಹಜವೇ? ಗುಡಿಸುವವನನ್ನು ಕೇಳಿದೆ, ಜನವರಿ ಹತ್ತಕ್ಕೆ ಬರುತ್ತಾನಂತೆ. ಹಿಂದೆಲ್ಲ ಎಲ್ಡನ್ ತಾನೇ ಮನೆಯ ಮಾಡು ಹತ್ತಿ ಗುಡಿಸುತ್ತಿದ್ದನಂತೆ, ಈಗ ಕುರ್ಚಿಯಿಂದ ಏಳುವುದಕ್ಕೇ ನನ್ನ ಹೆಗಲು ಬೇಕು.

ಅವನೇನಾದರೂ ಅಂದನೇ ಎಂದು ಕೇಳಿದ್ದಿರಿ. ಹೇಳಿಬಿಡುತ್ತೇನೆ. ನಿಮ್ಮ ಎರಡು ಕಾಗದವೂ ಅವನ ಅಂಗಿಯ ಜೇಬಿನಲ್ಲಿವೆ. ಗೋಡೆಯಿಂದ ತೆಗೆದುಕೊಂಡ. ಕನ್ನಡಕ ಇಡುವ ಜೇಬು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ನಿಮ್ಮನ್ನೇ ಕೇಳಬೇಕು, ಬೇರೆ ಯಾರನ್ನು ಕೇಳಲಿ?

ಮರ್ಲೀನ್


ಸೇಂಟ್ ಜಾನ್ಸ್‌ಬರಿ
ಡಿಸೆಂಬರ್ 22, 1998

ಮರ್ಲೀನ್,

ಇದನ್ನು ಓದಿದ ಕೂಡಲೇ ಒಲೆಗೆ ಸೌದೆ ಹಾಕುವುದನ್ನು ನಿಲ್ಲಿಸಿ. ಇರುವುದು ಉರಿದು ಆರಲಿ. ಅಲ್ಲಿರಬೇಡಿ, ಇಬ್ಬರೂ ಪಕ್ಕದ ಮನೆಗೆ ಹೋಗಿ. ಚಿಮಣಿ ಗುಡಿಸದೆ ಮತ್ತೆ ಹಚ್ಚಬೇಡಿ. ಆ ಕಪ್ಪು ಪಾಕ ಸಹಜವಲ್ಲ. ಅದು ಬೆಂಕಿ ಹಿಡಿಯುವ ಡಾಂಬರು.

ತಪ್ಪು ನಿಮ್ಮದಲ್ಲ. ಸೂಜಿ ಐನೂರು ಮುಟ್ಟುವ ತನಕ ಹಿಡಿ ಒತ್ತಬಾರದು. ನನಗೆ ಗೊತ್ತಿದ್ದೂ ಬರೆಯಲಿಲ್ಲ. ನೀವು ಕೇಳಿದಾಗ ಸುಳ್ಳು ಹೇಳಿದೆ. ಸೂಜಿ ಚೆನ್ನಾಗಿಯೇ ಇದೆ. ಸೌದೆಯೂ ಒಣಗಿದೆ. ಪುಸ್ತಕ ನನ್ನ ಹತ್ತಿರವಿತ್ತು, ಇದರ ಜೊತೆಗೆ ಕಟ್ಟಿ ಕಳಿಸುತ್ತಿದ್ದೇನೆ. ಹದಿನಾಲ್ಕನೇ ಪುಟ ನೋಡಿ.

ಯಾಕೆ ಹೀಗೆ ಮಾಡಿದೆನೆಂದರೆ, ನೀವು ಆ ಒಲೆಯ ಮುಂದೆ ಕೂರುತ್ತೀರಿ, ನಾನು ಕೂರುವುದಿಲ್ಲ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ನಿಮ್ಮ ಕಾಗದ ನಿನ್ನೆ ಮಧ್ಯಾಹ್ನ ಬಂತು. ಫೋನ್ ಎತ್ತಿ ನಂಬರನ್ನೂ ಒತ್ತಿದೆ, ಅದು ನನಗೆ ಬಾಯಿಪಾಠ. ಎರಡು ಸಲ ರಿಂಗಾಯಿತು. ಕುರ್ಚಿಯ ಪಕ್ಕದಲ್ಲೇ ಫೋನು, ಎತ್ತುವವನು ಅವನೇ ಎಂದು ನೆನಪಾಗಿ ಇಟ್ಟುಬಿಟ್ಟೆ. ಆರು ವರ್ಷದ ಮೇಲೆ ಅವನ ಹತ್ತಿರ ನಾನಾಡುವ ಮೊದಲ ಮಾತು ಇದಾಗಬಾರದು ಅನ್ನಿಸಿತು. ಕಾಗದ ಎರಡು ದಿನದಲ್ಲಿ ಮುಟ್ಟುತ್ತದೆ.

ಆರ್ಡಿಸ್


ಕ್ರಾಸ್‌ಬಿ ಹಿಲ್
ಜನವರಿ 3, 1999

ಆರ್ಡಿಸ್,

ನಿನ್ನ ಕಟ್ಟು ಡಿಸೆಂಬರ್ ಇಪ್ಪತ್ತೆಂಟಕ್ಕೆ ಬಂತು. ಚಿಮಣಿಗೆ ಬೆಂಕಿ ಬಿದ್ದದ್ದು ಇಪ್ಪತ್ತನಾಲ್ಕಕ್ಕೆ, ಊಟದ ಹೊತ್ತಿಗೆ.

ಬೀನ್ಸ್ ಬಡಿಸುತ್ತಿದ್ದೆ. ಗೋಡೆಯೊಳಗೆ ರೈಲು ಹೋದಂತಾಯಿತು. ಕೊಳವೆ ಕೆಂಪಗಾಯಿತು. ಗಾಳಿಯ ಕಿಂಡಿ ಮುಚ್ಚಿದೆ. ಅದು ನೀನು ಹೇಳಿಕೊಟ್ಟದ್ದಲ್ಲ, ನನಗೇ ತೋಚಿದ್ದು. ಅಗ್ನಿಶಾಮಕದವರಿಗೆ ಫೋನ್ ಮಾಡಿ, ಎಲ್ಡನ್‌ನನ್ನು ಕುರ್ಚಿ ಸಮೇತ ಎಳೆದೆ. ಹೊಸ್ತಿಲಿಗೆ ಸಿಕ್ಕಿ ಕುರ್ಚಿ ಮಗುಚಿತು. ಹೊಸ ಕೀಲು ಜಾರಿತು. ಹಿಮದ ಮೇಲೆ ಬಿದ್ದುಕೊಂಡು ಅವನು ಕೂಗಿದ ಕೂಗನ್ನು ನೀನು ಕೇಳಬೇಕಿತ್ತು. ನಾನು ಕೋಟು ಬಿಚ್ಚಿ ಹೊದಿಸಿ ಅವನ ಮೇಲೆ ಮಲಗಿದೆ. ಮೇಲೆ ನೋಡಿದರೆ ಚಿಮಣಿಯ ತುದಿಯಿಂದ ಆಳೆತ್ತರದ ಬೆಂಕಿ. ಊರಿನ ಅಗ್ನಿಶಾಮಕದ ಹುಡುಗರು ಬಂದು ಪುಡಿ ಸುರಿದು ಆರಿಸಿದರು, ಗೋಡೆ ಒಡೆದು ನೋಡಿದರು. ಒಂದು ತೊಲೆ ಆಗಲೇ ಕರಕಲಾಗಿತ್ತು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಮನೆ ಇರುತ್ತಿರಲಿಲ್ಲವಂತೆ.

ನಿನ್ನ ಕಾಗದವನ್ನು ಆಸ್ಪತ್ರೆಯಲ್ಲಿ ಅವನ ಮುಂದೆ ಓದಿದೆ. ಓದಿ ಕೇಳಿದೆ, "ಈ ಸೂಜಿ ವಿಷ್ಯ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು" ಅಂದ. "ಹತ್ತು ವರ್ಷ ಕೂತು ನೋಡಿದೀನಿ. ಸೂಜಿ ನೋಡ್ದೆ ಅವಳು ಹಿಡಿ ಮುಟ್ಟಿದ್ದೇ ಇಲ್ಲ."

"ಮತ್ತೆ ಯಾಕೋ ಹೇಳ್ಲಿಲ್ಲ, ಪಾಪಿ?"

"ಆರ್ಡಿಸ್ ಬೇಡ ಅಂತ ಬರ್ದಿದ್ಲಲ್ಲ. ಒಲೆ ವಿಷ್ಯದಲ್ಲಿ ಆರ್ಡಿಸ್‌ಗೆ ತಪ್ಪಾಗತ್ತಾ? ನಾನೇ ಸರಿಯಾಗಿ ನೋಡಿಲ್ವೇನೋ ಅಂದ್ಕೊಂಡೆ."

ಕೇಳಿದೆಯಾ? ತನ್ನ ಕಣ್ಣಿಗಿಂತ ನಿನ್ನ ಮಾತನ್ನು ಹೆಚ್ಚು ನಂಬಿದ. ನನ್ನ ಗಂಡ ನಿನ್ನನ್ನು ಅಷ್ಟು ನಂಬಿದ್ದಕ್ಕೆ ನನ್ನ ಮನೆ ಸುಡುವುದರಲ್ಲಿತ್ತು. ಯಾವುದಕ್ಕೆ ಹೆಚ್ಚು ಸಿಟ್ಟು ಬಂದಿದೆಯೆಂದು ನನಗೇ ತಿಳಿಯುತ್ತಿಲ್ಲ. ಎರಡು ರಿಂಗಿಗೆ ಫೋನ್ ಇಟ್ಟೆಯಂತೆ. ಆ ರಿಂಗನ್ನು ನಾನು ಕೇಳಿಸಿಕೊಂಡಿದ್ದೆ. ಅಡುಗೆಮನೆಯಿಂದ ಓಡಿ ಬಂದೆ, ನಿಂತುಹೋಗಿತ್ತು.

ಇನ್ನು ಬರೆಯಬೇಡ.

ಮರ್ಲೀನ್


ಸೇಂಟ್ ಜಾನ್ಸ್‌ಬರಿ
ಜನವರಿ 8, 1999

ಮರ್ಲೀನ್,

ಬರೆಯಬೇಡ ಅಂದಿದ್ದೀರಿ. ಕ್ಷಮೆ ಕೇಳುವುದಕ್ಕಲ್ಲ, ನಾನು ಮುಚ್ಚಿಟ್ಟ ಇನ್ನಷ್ಟು ಉಳಿದಿದೆ, ಅದನ್ನು ಕೊಟ್ಟುಬಿಡುವುದಕ್ಕೆ.

ಚಿಮಣಿಯ ಒಳಗೆ ಉಕ್ಕಿನ ಕೊಳವೆ ಇಳಿಸಿ, ಬೆಂಕಿಗೆ ಬಿರುಕು ಬಿಟ್ಟಿರುವ ಒಳಗೋಡೆಯ ಹೆಂಚುಗಳನ್ನು ನಂಬಬೇಡಿ. ಜೇನುಗೂಡು ಹಳೆಯದು, ಬದಲಿಸಿ. ಹೊಸದು ಹಾಕಿದ ಮೇಲೆ ಮೊದಲ ಬೆಂಕಿ ಸಣ್ಣದಿರಲಿ. ಸೂಜಿ ಐನೂರು ದಾಟಿದ ಮೇಲೂ ಹತ್ತು ನಿಮಿಷ ಕಾದು ಹಿಡಿ ಒತ್ತಿ. ಒತ್ತಿದ ಮೇಲೆ ಗಾಳಿಯನ್ನು ಮೂರು ಸಲಕ್ಕೆ ತಗ್ಗಿಸಿ, ಒಂದೇ ಸಲಕ್ಕಲ್ಲ. ಜೇನುಗೂಡು ಕೆಂಪಗೆ ಹೊಳೆಯದಿದ್ದರೆ ಹೆದರಬೇಡಿ. ಹೊಳೆಯದೆಯೂ ಅದು ಕೆಲಸ ಮಾಡುತ್ತದೆ. ಹೊರಗೆ ಹೋಗಿ ಚಿಮಣಿ ನೋಡಿ. ಹೊಗೆ ಕಾಣದೆ ಗಾಳಿ ಮಾತ್ರ ನಡುಗುತ್ತಿದ್ದರೆ ಸರಿಯಾಗಿದೆ. ಕೆಂಡದ ಮೇಲೆ ಹೊಸ ಸೌದೆ ಹಾಕಿದಾಗಲೂ ಸೂಜಿ ಇಳಿಯುತ್ತದೆ, ಅದು ಮತ್ತೆ ಏರಲು ಬಿಡಿ. ಹೊಗೆ ಬಂದರೆ ಕೂಗುವ ಪೆಟ್ಟಿಗೆಯೊಂದು, ವಾಸನೆಯಿಲ್ಲದ ವಿಷಗಾಳಿಗೆ ಕೂಗುವುದು ಇನ್ನೊಂದು, ಎರಡನ್ನೂ ಗೋಡೆಗೆ ಹಾಕಿಸಿ.

ಇಷ್ಟೇ ನನಗೆ ಗೊತ್ತಿರುವುದು. ಇನ್ನು ನನ್ನ ಹತ್ತಿರ ಏನೂ ಇಲ್ಲ.

ಆರ್ಡಿಸ್


ಕ್ರಾಸ್‌ಬಿ ಹಿಲ್
ಮಾರ್ಚ್ 28, 1999

ಆರ್ಡಿಸ್,

ಜನವರಿಯಲ್ಲಿ ಸಿಟ್ಟಿಗೆ "ನೀನು" ಅಂದುಬಿಟ್ಟೆ. ಈಗ ಮತ್ತೆ "ನೀವು" ಅನ್ನಲು ಬಾಯಿ ಬರುವುದಿಲ್ಲ, ಹಾಗೇ ಇರಲಿ.

ಉಕ್ಕಿನ ಕೊಳವೆ ಇಳಿಸಿದ್ದಾಯಿತು. ಹೊಸ ಜೇನುಗೂಡು ಬಂತು. ಫೆಬ್ರವರಿ ಮೊದಲ ವಾರದಿಂದ ಒಲೆ ಆರಿಲ್ಲ. ಹದಿನಾಲ್ಕನೇ ಪುಟ ಓದಿದೆ, ಆದರೆ ಕಲಿತದ್ದು ನಿನ್ನ ಜನವರಿಯ ಕಾಗದದಿಂದ. ಪುಸ್ತಕ ಬರೆದವನು ಒಲೆ ಹಚ್ಚಿದವನಲ್ಲ. ಬೆಳಿಗ್ಗೆ ಎದ್ದರೆ ಒಳಗೆ ಕೆಂಡ ಹಾಗೇ ಇರುತ್ತದೆ, ಎರಡು ಸೀಳು ಇಟ್ಟರೆ ಸಾಕು. ಮೊದಲಿನ ಅರ್ಧದಷ್ಟೂ ಸೌದೆ ಬೇಡ. ಗಾಜನ್ನು ಉಜ್ಜಿ ಮೂರು ವಾರವಾಯಿತು.

ಎಲ್ಡನ್ ಮನೆಗೆ ಬಂದಿದ್ದಾನೆ, ಕೋಲು ಹಿಡಿದು ನಡೆಯುತ್ತಾನೆ. ಒಂದು ಹೊಸ ಚಾಳಿ ಶುರುವಾಗಿದೆ ಅವನಿಗೆ. ನಾನು ಒಲೆಯ ಮುಂದೆ ಕೂತ ಕೂಡಲೇ ಕುರ್ಚಿಯಿಂದಲೇ ಸೂಜಿ ಓದುತ್ತಾನೆ. "ಮುನ್ನೂರೈವತ್ತು." ಸ್ವಲ್ಪ ಹೊತ್ತಿಗೆ, "ನಾನೂರ ಎಂಬತ್ತು. ತಡಿ ಹುಡುಗಿ, ತಡಿ." ನನಗೂ ಕಣ್ಣಿದೆ ಕಣೋ ಅಂದರೆ, "ಒಂದ್ಸಲ ಸುಮ್ನಿದ್ದು ಸಾಕಾಯ್ತು" ಅನ್ನುತ್ತಾನೆ. ಆಮೇಲೆ ಬಾಯಿ ಮುಚ್ಚುವುದೇ ಇಲ್ಲ. ಅವನ ಅಪ್ಪನ ಕುದುರೆಗಳು, ಸೈನ್ಯದಲ್ಲಿದ್ದಾಗಿನ ಕಥೆ, ಎಲ್ಲ ಬಂತು. ಐವತ್ನಾಲ್ಕು ವರ್ಷದ ನನ್ನನ್ನು ಹುಡುಗಿ ಅನ್ನುತ್ತಾನಲ್ಲ, ಅದಕ್ಕೇನನ್ನಲಿ.

ಈಗ ಬರೆಯಬೇಕಾದ ವಿಷಯ. ಮೇಪಲ್ ರಸ ಕಾಯಿಸುವುದು ಶುರುವಾಗಿದೆ. ಮುಂದಿನ ಭಾನುವಾರ ಊಟಕ್ಕೆ ಬಾ. ಹಿಮದ ಮೇಲೆ ಬಿಸಿ ಪಾಕ ಸುರಿದು, ಉಪ್ಪಿನ ಸೌತೆಯ ಜೊತೆ ತಿನ್ನುವ ನಿಮ್ಮ ಈ ಕಡೆಯವರ ಹುಚ್ಚು ತಿಂಡಿ ನನಗೂ ಬರುತ್ತದೆ. ಒಳ್ಳೆಯತನಕ್ಕೆ ಕರೆಯುತ್ತಿದ್ದೇನೆ ಎಂದುಕೊಳ್ಳಬೇಡ. ನಾನು ಒಲೆ ಹಚ್ಚುವುದನ್ನು ನೀನು ಕಣ್ಣಾರೆ ನೋಡಬೇಕು. ನೀನು ನೋಡುವ ತನಕ ಅದು ನಿನ್ನ ಒಲೆ ಅನ್ನಿಸುತ್ತಲೇ ಇರುತ್ತದೆ ನನಗೆ. ಎಲ್ಡನ್‌ಗೆ ಹೇಳಿಲ್ಲ. ಕರೆಯುತ್ತಿರುವುದು ನಾನು.

ಮರ್ಲೀನ್


ಸೇಂಟ್ ಜಾನ್ಸ್‌ಬರಿ
ಏಪ್ರಿಲ್ 1, 1999

ಮರ್ಲೀನ್,

ನಿನ್ನ ಕಾಗದ ಓದಿ ಕೋಟು ಹಾಕಿಕೊಂಡೆ. ಭಾನುವಾರಕ್ಕೆ ಇನ್ನೂ ಮೂರು ದಿನವಿದೆ ಎಂದು ನೆನಪಾಗಿ ಬಿಚ್ಚಿಟ್ಟೆ. ಅಷ್ಟು ಆಸೆಯಾಯಿತು. ಅದಕ್ಕೇ ಬರುವುದಿಲ್ಲ.

ಒಲೆ ನಿನ್ನದು. ಬಂದು ನೋಡಿ ಹೇಳಬೇಕಾಗಿಲ್ಲ, ಇಲ್ಲಿಂದಲೇ ಹೇಳುತ್ತೇನೆ. ಬೆಳಗಿನ ತನಕ ಕೆಂಡ ಉಳಿಸುವವಳು ಕಲಿತವಳೇ. ಗಾಜು ಕಪ್ಪಾಗಿದ್ದರೆ ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು, ಅಷ್ಟು ಕೆಟ್ಟವಳಾಗಿಯೇ ನಾನು ಇನ್ನೂ ಇದ್ದೇನೆ. ಅದು ಹೊಳೆಯುತ್ತಿದೆ ಎಂದು ಓದಿದಾಗ ಹೊಟ್ಟೆಕಿಚ್ಚಾಗಬೇಕಿತ್ತು. ಆಗಲಿಲ್ಲ. ಒಳ್ಳೆಯವಳಾದೆನೆಂದು ಒಂದು ಕ್ಷಣ ಅಂದುಕೊಂಡೆ. ಆಮೇಲೆ ಮುಂದಿನ ಸಾಲು ಓದಿದೆ, ಅವನು ನಿನಗೆ ಸೂಜಿ ಓದಿ ಹೇಳುವ ಸಾಲು.

ಹತ್ತು ಚಳಿಗಾಲ, ಮರ್ಲೀನ್. ದಿನಕ್ಕೆ ಮೂರು ಸಲ ನಾನು ಆ ಒಲೆಯ ಮುಂದೆ ಮೊಣಕಾಲೂರಿ ಕೂತು ಸೂಜಿ ನೋಡುತ್ತಿದ್ದೆ. ಅವನು ಬೆನ್ನ ಹಿಂದೆ ಅದೇ ಕುರ್ಚಿಯಲ್ಲಿರುತ್ತಿದ್ದ. ಅವನಿಗೆ ಸೂಜಿ ಕಾಣುತ್ತಿತ್ತು ಎಂದೇ ನನಗೆ ಗೊತ್ತಿರಲಿಲ್ಲ. ನನ್ನನ್ನು ಅಷ್ಟು ನಂಬಿದ್ದನೆಂದು ತಿಳಿದದ್ದು ನಿನ್ನ ಬೈಗುಳದ ಕಾಗದದಿಂದ. ನಂಬಿದ್ದ, ಅದಕ್ಕೇ ಸುಮ್ಮನಿದ್ದ. ನಾನು ಆ ಸುಮ್ಮನಿರುವುದನ್ನು ತಾಳಲಾರದೆ ಮನೆ ಬಿಟ್ಟೆ.

ಪಾಕವನ್ನು ನೀವಿಬ್ಬರೇ ತಿನ್ನಿ. ನಿನ್ನ ಒಲೆಯನ್ನು ನಾನು ನೋಡಬಲ್ಲೆ, ನನ್ನ ಜಾಗದಲ್ಲಿ ನೀನು ಕೂತಿರುವುದನ್ನೂ ನೋಡಬಲ್ಲೆ. ನೀನು ಬಗ್ಗಿದಾಗ ಅವನು ಹಿಂದಿನಿಂದ "ತಡಿ" ಅನ್ನುವುದನ್ನು ಕೇಳಿಸಿಕೊಂಡು ಕೂರಲು ನನ್ನಿಂದಾಗದು.

ಆರ್ಡಿಸ್